ದುಡಿಯುವ ಕಳ್ಳ

ಮೂರನೆಯ ಸಲವೂ ಕಂಪ್ಯೂಟರು ಅದೇ ಮಾತು ಹೇಳಿತು—ಪಾಸ್‌ವರ್ಡ್ ತಪ್ಪು.

ಆಸಿಫ್ ಬೆರಳು ಒರೆಸಿಕೊಂಡು ಒಂದೊಂದೇ ಅಕ್ಷರ ಒತ್ತಿ ಮತ್ತೆ ನೋಡಿದ. ತಪ್ಪು! ವರ್ಷಗಟ್ಟಲೆ ದಿನಾ ಬೆಳಿಗ್ಗೆ ಒತ್ತಿದ ಅಕ್ಷರಗಳು ರಾತ್ರೋರಾತ್ರಿ ತಪ್ಪಾಗುವುದುಂಟೆ? ಯಾರೋ ಕೀಲಿ ಬದಲಿಸಿದ್ದರು.

"ಏನಾತು ಭಾಯಿ?" ಸೈಬರ್ ಅಂಗಡಿಯ ಉಮೇರ ಪಕ್ಕಕ್ಕೆ ಬಂದು ನಿಂತ.

"ಕಟ್ಟಿ ಕೀಲಿ ಹೋತೋ ಉಮೇರ. ನನ್ನ ಒಳಗ ಬಿಡವಲ್ದು."

"ಕಟ್ಟಿ ನಡದೈತಲ್ಲ! ಇಲ್ನೋಡು, ಈಗ ಎರಡು ಸಂದೇಶ ಬಂದ್ವು."

ಅದೇ ಸೋಜಿಗ. 'ಮಲಪ್ರಭಾ ಕಟ್ಟೆ' ಎಂಬುದು ಇಂಟರ್ನೆಟ್ಟಿನಲ್ಲಿ ನಮ್ಮವರು ಕೂಡುವ ಜಾಗ. 2004ರ ಆ ಹೊತ್ತಿಗೆ ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗದ ಕಡೆಯ ನೂರಾರು ಜನ ಅಲ್ಲಿ ಬರೆಯುತ್ತಿದ್ದರು. ಅರ್ಧ ಜನ ಊರಲ್ಲೇ ಇದ್ದವರು. ಇನ್ನರ್ಧ ದಮ್ಮಾಮ್, ದುಬೈ, ಪುಣೆ ಎಂದು ಗಾಡಿ ಓಡಿಸಲು ಹೋದವರು. ಯಾರೇ ಬರೆದರೂ ಅದನ್ನು ಆಸಿಫ್ ಓದಿ ಪಾಸು ಮಾಡಿದ ಮೇಲೆಯೇ ಎಲ್ಲರಿಗೂ ಕಾಣಬೇಕು. ಜಗಳ ಬಿಡಿಸುವವನೂ ಅವನೇ, ಹೊಸಬರಿಗೆ ದಾರಿ ತೋರುವವನೂ ಅವನೇ.

ಅಷ್ಟಕ್ಕೇ ಮುಗಿದಿದ್ದರೆ ಹೇಗೋ ಬದುಕಬಹುದಿತ್ತು. ಆದರೆ ಹೊರಗಿದ್ದವರ ಮನೆಗಳಲ್ಲಿ ಕಂಪ್ಯೂಟರೆಲ್ಲಿ? 'ಆಸಿಫ್ ಭಾಯಿ, ಇದನ್ನ ನಮ್ಮವ್ವಗ ಓದಿ ಹೇಳು' ಎಂದು ಒಂದು ಸಾಲು ಬಂದರೆ ಸಾಕು, ಪುಣ್ಯಾತ್ಮ ತನ್ನ ಟಿವಿ ರಿಪೇರಿ ಅಂಗಡಿಯ ಬಾಗಿಲೆಳೆದು ನೇಸರಗಿಗೋ ಸಾಲಹಳ್ಳಿಗೋ ಬಸ್ಸು ಹತ್ತಿಬಿಡುತ್ತಿದ್ದ. ಕೋರಿಕೆಯ ಆ ಸಾಲು ಕಟ್ಟೆಯ ಮೇಲೆ ಕಂಡರೂ ಮನೆಯ ಕಾಗದ ಅವನೊಬ್ಬನ ಕಣ್ಣಿಗೇ ಬೀಳುತ್ತಿತ್ತು; ಅದನ್ನು ಓದಿ ಹೇಳಿ, ಉತ್ತರ ಬರೆದುಕೊಂಡು ಬರುತ್ತಿದ್ದ. ಗಿರಾಕಿಗಳ ಟಿವಿಗಳು ಹೊಟ್ಟೆ ಬಿಚ್ಚಿಕೊಂಡು ಅಂಗಡಿಯಲ್ಲಿ ಬಿದ್ದಿರುತ್ತಿದ್ದವು.

ಕೀಲಿ ಹೋದದ್ದನ್ನು ಆಸಿಫ್ ಮುಚ್ಚಿಡಲಿಲ್ಲ. ತನ್ನ ಸ್ವಂತ ಇ-ಮೇಲಿನಿಂದ ಹಳೆಯ ಸದಸ್ಯರಿಗೆಲ್ಲ ತಿಳಿಸಿದ. ಪ್ರಾಮಾಣಿಕತನಕ್ಕೆ ಸಿಕ್ಕ ಬಹುಮಾನ ನೋಡಿ—ದಮ್ಮಾಮಿನಿಂದ ಮೆಹೆರಾಜ ಉಮೇರನ ಅಂಗಡಿಗೇ ಫೋನು ಹಚ್ಚಿದ.

"ಕೀಲಿ ಇಲ್ಲ ಅಂತಿ, ಕಟ್ಟಿ ಮಾತ್ರ ನಡದೈತಿ. ಯಾರಿಗೆ ಮಾರಿದಿ, ಆಸಿಫ್? ನಮ್ಮ ಅವ್ವಗ ಬರದಿದ್ದು, ಹೇಣ್ತಿಗೆ ಬರದಿದ್ದು ಈಗ ಯಾವಂವ ಓದಾಕ ಹತ್ಯಾನ? ರವಿವಾರದೊಳಗ ಹೆಸರು ಹೇಳು. ಇಲ್ಲಂದ್ರ ಊರ ತುಂಬ ನಾನ ಹೇಳತೇನಿ, ಇಂವ ನಮ್ಮ ಮನಿಮಾತು ಮಾರಿಕೊಂಡಾಂವ ಅಂತ."

ಆಸಿಫ್ ಫೋನು ಕೆಳಗಿಟ್ಟ. ಜನ ತಮ್ಮ ಮನೆಯ ಅಳು-ನಗು ಅವನ ಕೈಗೆ ಕೊಟ್ಟಿದ್ದರು. ಅವನ ಗಳಿಕೆ ಎಂದರೆ ಆ ನಂಬಿಕೆ ಒಂದೇ.

ಮರುದಿನವೇ ಆ ಇ-ಮೇಲ್ ಓದಿ ಕಿತ್ತೂರಿನಿಂದ ಕಮಲಾಬಾಯಿ ಬೈಲಹೊಂಗಲಕ್ಕೆ ಬಂದಿಳಿದರು. ಹೆಣ್ಣುಮಕ್ಕಳ ಶಾಲೆಯ ಹೆಡ್‌ಬಾಯಿಯಾಗಿ ನಿವೃತ್ತರಾದವರು. ಯಾರ ಚೀಲದಲ್ಲಿ ಹುಣಸೆಹಣ್ಣಿದೆ ಎಂದು ಬಾಗಿಲಲ್ಲಿ ನಿಂತೇ ಹೇಳುತ್ತಿದ್ದವರು. ಕಟ್ಟೆಯ ಮೇಲೆ ದಿನವೂ ಬರೆಯುವವರು. ಆಸಿಫನ ಅಂಗಡಿಯ ಸ್ಟೂಲಿನ ಮೇಲೆ ಕೂತವರೇ ಶುರು ಮಾಡಿದರು.

"ಮಾರಿ ಸಣ್ಣದು ಮಾಡ್ಕೊಂಡು ಕೂಡಬ್ಯಾಡ. ಕಳ್ಳನ್ನ ಹಿಡದ ನಾ ಕಿತ್ತೂರಿನ ಬಸ್ಸು ಹತ್ತೋದು. ಕೀಲಿ ಯಾರಿಗೆ ಗೊತ್ತಿತ್ತು?"

"ನನಗೊಬ್ಬಗ, ಬಾಯಾರ."

"ನಿನ್ನ ಮ್ಯಾಲೆ ಸಿಟ್ಟು ಯಾರಿಗದ?"

"ಉಮೇರ ಕಟ್ಟಿ ಮ್ಯಾಲ ಜಾಹೀರಾತು ಹಾಕೂಣು ಅಂದಿದ್ದ, ನಾ ಒಲ್ಲೆ ಅಂದೆ. ಸವದತ್ತಿ ನೀಲಕಂಠರಾಯರು ಉದ್ದಾನುದ್ದ ಲೇಖನ ಕಳಸಿದ್ರು, ಅರ್ಧ ಕತ್ತರಿಸಿದೆ. 'ಪಗಾರ ತಗೊಂಡು ನನ್ನ ಬರಹಕ್ಕ ಕತ್ರಿ ಹಾಕ್ತಿಯಾ? ನಿನ್ನ ಮನೀಗೇ ಬಂದು ಕೇಳ್ತೀನಿ' ಅಂತ ಬರದಿದ್ರು."

"ಹೌದಪಾ, ನಿನಗ ಪಗಾರ ಕೊಡೋ ಕಂಪನಿಗೆ ತಿಳಿಸಿದಿಯೇನು?"

ಆಸಿಫ್ ನೆಲ ನೋಡಿದ. "ಯಾವ ಕಂಪನಿ ಬಾಯಾರ? ಪಗಾರ ಇಲ್ರಿ."

"ಇಲ್ಲ? ನೀ ನೌಕರಿ ಮಾಡ್ತಿ ಅಂತ ನಾವೆಲ್ಲಾರೂ ತಿಳ್ಕೊಂಡೀವಲ್ಲೋ!"

"ಎಲ್ಲಾರೂ ಹಂಗ ತಿಳಕೊಂಡಾರ್ರಿ. ಉಮೇರ ಸುದ್ದಾ ತಿಂಗಳಾ ಬಿಲ್ಲು ಕೊಟ್ಟು, ಕಂಪನಿಗೆ ಕಳಸು ಅಂತಾನ. ಪುಕ್ಕಟೆ ಮಾಡತೇನಿ ಅಂತ ನಾನಾಗಿ ಹೆಂಗ ಹೇಳಲಿ? ದೊಡ್ಡಸ್ತಿಕಿ ತೋರಿಸಿದಂಗ ಆಗತೈತಿ. ನನ್ನ ಹೇಣ್ತಿ ಸಿಮ್ರನಗ ಬಿಟ್ಟು ಯಾರಿಗೂ ಗೊತ್ತಿಲ್ರಿ."

ಕಮಲಾಬಾಯಿಯವರ ಮುಖ ಕಪ್ಪಿಟ್ಟಿತು. ಸಂದೇಶ ಪಾಸಾಗಲು ತಡವಾದಾಗಲೆಲ್ಲ ಅವರೂ ಅವನನ್ನು ಚೆನ್ನಾಗಿ ಜಾಡಿಸಿದವರೇ.

ಉಮೇರನ ವಿಚಾರಣೆ ನಿಂತ ಕಾಲಲ್ಲೇ ಆಯಿತು.

"ಜಾಹೀರಾತಿನ ಆಶಾಕ್ಕ ನೀ ಕದ್ದಿಯೇನು?"

"ಕದ್ದಿದ್ರ ಇಷ್ಟೊತ್ತಿಗೆ ನನ್ನ ಜಾಹೀರಾತು ಅಲ್ಲಿ ಕುಣೀತಿತ್ತು ಬಾಯಾರ! ಒಂದರ ಐತೇನು ನೋಡ್ರಿ."

"ಇವನ ಕೀಲಿ ಎಂದರ ನೋಡೀದಿ?"

"ನಮ್ಮ ಧಂಧಾದಾಗ ಅದು ಹರಾಮ್ರಿ. ಹೋದ ವರ್ಷ ಭಾಯಿಗೆ ಟೈಫಾಯ್ಡ್ ಆದಾಗ ಭಾಬಿ ಬಂದು, 'ಆಸಿಫಗ ಆರಾಮಿಲ್ಲ' ಅಂತ ಕಟ್ಟಿ ಮ್ಯಾಲ ಹಾಕಿ ಹೋದ್ರು. ಆವಾಗೂ ನಾ ಆ ಕಡೆ ಮಾರಿ ಮಾಡಿ ನಿಂತಿದ್ದೆ."

"ಹಳೇದೆಲ್ಲ ಯಾಕ ತಗೀತಿ?" ಆಸಿಫ್ ಚಡಪಡಿಸಿದ. "ರವಿವಾರ ಬಂತಲ್ಲ!"

ಕಮಲಾಬಾಯಿ ಅವಸರ ಮಾಡಲಿಲ್ಲ. ಕನ್ನಡಕ ಏರಿಸಿ ಇತ್ತೀಚಿನ ಸಂದೇಶಗಳನ್ನೆಲ್ಲ ಒಂದೊಂದಾಗಿ ಓದಿದರು. ಹೊಸಬರಿಗೆ ಸ್ವಾಗತ ಸಿಕ್ಕಿತ್ತು. ಬೈಗುಳಗಳು ಕಾಣಲಿಲ್ಲ. ವೀಸಾ ಕೇಳಿದವನಿಗೆ ಸರಿಯಾದ ಉತ್ತರವೂ ಇತ್ತು.

"ಕಳ್ಳ ಅಂದ್ರ ಕದ್ದು ಓಡಿ ಹೋಗಬೇಕು. ಈ ಕಳ್ಳ ಕೂತು ದುಡೀಲಿಕ್ಕೆ ಹತ್ಯಾನಲ್ಲೋ! ಇನ್ನೊಂದು ನೋಡಿದಿಯೇನು? 'ಆಸಿಫ್ ಭಾಯಿ, ನಮ್ಮ ಮನೀಗೆ ಹೋಗು' ಅನ್ನೋದು ಒಂದೂ ಇಲ್ಲ."

"ನನ್ನ ಮ್ಯಾಲಿನ ವಿಶ್ವಾಸ ಹೋಗೇತ್ರಿ ಮಂದಿಗೆ," ಎಂದ ಆಸಿಫ್.

ಕಮಲಾಬಾಯಿ ಕನ್ನಡಕ ಮಡಚಿದರು. "ಸವದತ್ತಿ ಬಸ್ಸು ಎಷ್ಟೊತ್ತಿಗದ?" ಎಂದರು.

ನೀಲಕಂಠರಾಯರು ಕೋರ್ಟಿನಲ್ಲಿ ಗುಮಾಸ್ತರಾಗಿದ್ದು ನಿವೃತ್ತರಾದವರು. ಮನೆಯಲ್ಲೇ ಕಂಪ್ಯೂಟರಿತ್ತು. ಕಣ್ಣು ಕೆಂಪಗಾಗಿದ್ದವು. ಬಾಗಿಲಲ್ಲಿ ಆಸಿಫನನ್ನು ಕಂಡದ್ದೇ ಒಳಗೆ ಹೋಗಿ ಕಂಪ್ಯೂಟರ್ ಬಂದ್ ಮಾಡಿ ಬಂದರು. ಬಯ್ಯುತ್ತಾರೆ ಎಂದುಕೊಂಡಿದ್ದ ಆಸಿಫನ ಮುಂದೆ ಹಚ್ಚಿದ ಅವಲಕ್ಕಿಯ ತಟ್ಟೆ ಬಂತು.

"ರಾಯರ, ಇವನ ಮನೀಗೆ ಹೋಗಿ ಕೇಳ್ತೀನಿ ಅಂದಿದ್ರಿ. ಕೇಳಿದ್ರೇನು?" ಎಂದರು ಕಮಲಾಬಾಯಿ.

"ಸಿಟ್ಟಿನ್ಯಾಗ ಬರದಿದ್ದೆ. ಬಿಡ್ರಿ ಅದನ್ನ."

"ಈಗ ಒಂದು ಸಾಲೂ ಬರೀವಲ್ರಿ. ಯಾಕ?"

"ಪುರಸೊತ್ತಿಲ್ಲ."

"ರಿಟೈರ್ ಆದವ್ರಿಗೆ ಪುರಸೊತ್ತಿಲ್ಲ?"

ರಾಯರು ಮಾತು ಮರೆಸಿ ಆಸಿಫನ ಕಡೆ ತಿರುಗಿದರು. "ತಿನ್ನಪಾ, ಎಷ್ಟು ಸೊರಗೀದಿ! ನಾಕಾಣೆ ಮುಟ್ಟಲಾರದ ಹಗಲೂ ರಾತ್ರಿ ದುಡಿಯೋನ ಮ್ಯಾಲೇ ಮಾರಿಕೊಂಡಾನಂತ ಹೊರಿಸ್ತಾರಲ್ಲ, ಇವರಿಗೆ ಎದಿಯೊಳಗ ಏನರ ಅದನೋ ಇಲ್ಲೋ!"

ಆ ಒಂದು ಮಾತಿಗೆ ಆಸಿಫನ ಕಣ್ಣು ತುಂಬಿ ಬಂತು. ಕಮಲಾಬಾಯಿ ಮಾತ್ರ ಚಹಾದ ಬಟ್ಟಲು ಕೆಳಗಿಟ್ಟು ಎದ್ದೇಬಿಟ್ಟರು.

"ರವಿವಾರ ಉಮೇರನ ಅಂಗಡೀಗೆ ಬರ್ರಿ, ರಾಯರ. ತಪ್ಪಿಸಬ್ಯಾಡ್ರಿ. ಕಳ್ಳ ಸಿಕ್ಕ."

ರವಿವಾರ ಉಮೇರ ಷಟರ್ ಅರ್ಧ ಎಳೆದ. ರಾಯರು ಮೂಲೆಯ ಕುರ್ಚಿಯಲ್ಲಿ ಕುಳಿತರು. ಕಮಲಾಬಾಯಿ ಹೇಳಿಕಳಿಸಿದ್ದಕ್ಕೆ ಸಿಮ್ರನ ಕೂಡ ಬಂದಿದ್ದಳು. ಇವಳೇಕೆ ಇಲ್ಲಿ ಎಂದು ಆಸಿಫನಿಗೆ ತಿಳಿಯಲಿಲ್ಲ.

"ಆಸಿಫ್, ರಾಯರು ಅವತ್ತು ಏನಂದ್ರು? ನಾಕಾಣೆ ಮುಟ್ಟಲಾರದ ದುಡಿಯೋನು ಅಂದ್ರು. ಮೊದಲು ಇವರೇ ಏನು ಬರದಿದ್ರು? ಪಗಾರ ತಗೊಂಡು ಕತ್ರಿ ಹಾಕ್ತಿಯಾ ಅಂತ. ನೀ ಪುಕ್ಕಟೆ ಮಾಡ್ತಿ ಅನ್ನೋದು ನನಗ ಗೊತ್ತಿರಲಿಲ್ಲ, ಉಮೇರಗ ಗೊತ್ತಿರಲಿಲ್ಲ, ದಮ್ಮಾಮಿಗೂ ಗೊತ್ತಿರಲಿಲ್ಲ. ಸವದತ್ತಿಯೊಳಗ ಕೂತ ರಾಯರಿಗೆ ಹೆಂಗ ಗೊತ್ತಾತು?"

ಕಮಲಾಬಾಯಿ ಒಂದು ಬೆರಳು ಎತ್ತಿದರು.

"ಗೊತ್ತಿದ್ದಾಕಿ ಒಬ್ಬಾಕಿ. ಆಕಿನೇ ಹೇಳಿರಬೇಕು. ನಿನ್ನ ಜ್ವರದಾಗ ಕೀಲಿ ಉಪಯೋಗಿಸಿದಾಕಿನೂ ಆಕಿನೇ—ಉಮೇರ ಬಾಯಿ ಬಿಟ್ಟು ಹೇಳಿದ, ನೀ ಕಿವಿಮ್ಯಾಲೆ ಹಾಕ್ಕೊಳ್ಳಲಿಲ್ಲ. ನಿನಗ ಕೆಲಸಾ ಹಚ್ಚೋ ಸಂದೇಶಗಳು ನಿಂತಿಲ್ಲ, ಯಾರೋ ತಡದಿಟ್ಟಾರ. ನಿನಗ ಕೇಡು ಬಯಸೋ ಕಳ್ಳ ಆ ಕೆಲಸಾ ಮಾಡ್ತಾನೇನು? ಕಟ್ಟಿ ನಡಿಸಿದವ್ರು ರಾಯರು. ಕೀಲಿ ತಗೊಂಡಾಕಿ—"

"ನಾನ," ಎಂದಳು ಸಿಮ್ರನ. ತಲೆ ತಗ್ಗಿಸಲಿಲ್ಲ. "ರಾಯರು ಕೇಳಲಿಲ್ರಿ. ನಾನಾಗಿ ಕೊಟ್ಟೆ."

ರಾಯರು ಗಂಟಲು ಸರಿಮಾಡಿಕೊಂಡರು. "ಜಗಳಾಡ್ಲಿಕ್ಕೆ ಇವನ ಮನೀಗೆ ಹೋಗಿದ್ದೆ. ಇಂವ ಸಾಲಹಳ್ಳಿಗೆ ಹೋಗಿದ್ದ. ಈ ಹುಡುಗಿ ನನಗ ಚಹಾ ಕೊಟ್ಟು ಎಲ್ಲಾ ಹೇಳಿದಳು. ನಾಚಿಕಿ ಆತು ನನಗ. ಆಕಿ ಕೊಟ್ಟ ಕೀಲಿ ಬದಲಿಸಿದಾಂವ ನಾನೇ. ಇವನ ಮ್ಯಾಲೆ ಬಂದ ಬೈಗಳಾನೂ ನಾನೇ ತಡದಿಟ್ಟೆ, ತಣ್ಣಗಾಗ್ತದ ಅನ್ಕೊಂಡೆ. ನಾಕು ದಿನಾ ಮಾಡೂದ್ರಾಗ ನನ್ನ ಕಣ್ಣು ಹೋದ್ವು. ಇಂವ ಇಷ್ಟು ವರ್ಷ ಹೆಂಗ ಮಾಡಿದ್ನೋ!"

ಆಸಿಫನಿಗೆ ಸಿಟ್ಟು ಉಕ್ಕಿತು. "ನನ್ನ ಒಂದು ಮಾತು ಕೇಳಬಾರದಾಗಿತ್ತೇನು, ಸಿಮ್ರನ?"

"ಕೇಳಿದ್ದೆ. ಅರ್ಧಾ ಕೆಲಸ ಯಾರಿಗರ ಹಚ್ಚರಿ ಅಂತ ಕೇಳಿದ್ದೆ. ನೀವು ಕೈಯಾಗ ತುತ್ತು ಹಿಡಕೊಂಡ ನಿದ್ದಿ ಹೋಗಿದ್ರಿ."

ಆಸಿಫ್ ತನ್ನ ಕೈ ನೋಡಿಕೊಂಡ.

"ಆದ್ರ ಮೆಹೆರಾಜ ಹಿಂಗಂದಾನಂತ ಮನ್ಯಾಗ ಯಾಕ ಹೇಳಲಿಲ್ಲ ನೀವು?" ಈಗ ಸಿಮ್ರನಳ ದನಿ ಒಡೆಯಿತು. "ಬಾಯಾರ ಇವತ್ತ ಹೇಳಿದ್ರು. ಗೊತ್ತಿದ್ರ ಅವತ್ತ ಒಪ್ಪಿಕೊಳ್ಳತಿದ್ದೆ."

"ಹೆಸರು ಬೇಕಾದ್ರ ನಂದು ಹಾಕು," ಎಂದರು ರಾಯರು. "ಮುದುಕ ತಕರಾರಿಗೆ ಬಿದ್ದು ಕದ್ದ ಅಂದ್ರ ಎಲ್ಲಾರೂ ನಂಬ್ತಾರ. ಹೆಣ್ಣುಮಗಳ ಹೆಸರು ಊರ ಬಾಯಾಗ ಬ್ಯಾಡ."

"ಬ್ಯಾಡ್ರಿ. ನಂದ ಬರೀರಿ," ಸಿಮ್ರನ ಗಂಡನ ಮುಂದೆ ಕೀಬೋರ್ಡ್ ಸರಿಸಿದಳು. "ಸುಳ್ಳು ಬರದ್ರ ನಿಮ್ಮ ಹೆಸರು ತೊಳೀದಿಲ್ಲ. ಯಾಕ ತಗೊಂಡ್ಳು ಅನ್ನೂದನ್ನೂ ಬರೀರಿ."

ಆಸಿಫ್ ಒಂದು ಕ್ಷಣ ಕಮಲಾಬಾಯಿಯವರ ಕಡೆ ನೋಡಿದ. ರಾಯರು ಬಾಗಿ ಹೊಸ ಕೀಲಿ ಒತ್ತಿ ಕಟ್ಟೆಯ ಬಾಗಿಲು ತೆರೆದುಕೊಟ್ಟರು.

"ಅದು ನಿಮ್ಮ ಕಡೆನೂ ಇರಲಿ ರಾಯರ," ಎಂದ ಆಸಿಫ್. "ಬಾಯಾರ ಕಡೆ ಒಂದಿರಲಿ. ಹಳ್ಳಿಗೆ ಹೋಗಾಕ ಆಯಾ ಊರಾಗ ಒಬ್ಬೊಬ್ಬರ್ನ ಹುಡುಕೂಣು. ಕಟ್ಟಿ ಮಾತ್ರ ನಿಲ್ಲಬಾರದು."

ಆಮೇಲೆ ಬರೆಯತೊಡಗಿದ. 'ಕಟ್ಟೆಯ ಕೀಲಿಯನ್ನು ನಾನು ಯಾರಿಗೂ ಮಾರಿಲ್ಲ. ಅದನ್ನು ತೆಗೆದುಕೊಂಡವಳು ನನ್ನ ಹೆಂಡತಿ ಸಿಮ್ರನ. ನಡೆಸಿದವರು ಸವದತ್ತಿಯ ನೀಲಕಂಠರಾಯರು. ಇದಕ್ಕೆ ನನಗೆ ಯಾರೂ ಪಗಾರ ಕೊಡುವುದಿಲ್ಲ. ಹಿಂದೆಯೂ ಕೊಟ್ಟಿಲ್ಲ.'

ಉಮೇರ ಬೆಚ್ಚಿ ಅವನ ಮುಖ ನೋಡಿದ. ಆಸಿಫನ ಬೆರಳು ಅಲ್ಲಿಗೆ ನಿಂತವು. ಊರೂರು ತಿರುಗಿದ ಆ ಮನುಷ್ಯನಿಗೆ ಮುಂದಿನ ಸಾಲಿನ ತನಕ ಹೋಗುವುದೇ ಕಷ್ಟವಾಯಿತು. ಯಾರೂ ಅವಸರ ಮಾಡಲಿಲ್ಲ.

'ಅವಳು ಹಾಗೆ ಮಾಡಿದ್ದು ಯಾಕೆಂದರೆ, ನಾನು ಬಹಳ ದಣಿದಿದ್ದೇನೆ.'

ಬರೆದದ್ದನ್ನು ಮತ್ತೊಮ್ಮೆ ಓದಿದ. ಕಡೆಯ ಸಾಲು ಅಳಿಸಲು ಕೈ ಹೋಯಿತು. ಅಳಿಸಲಿಲ್ಲ. ಕಳಿಸಿದ.