ಆ ಸಿನಿಮಾದಲ್ಲಿ ಒಂದೇ ಒಂದು ತಪ್ಪು

"ಆ ಫೈಲ್ ಮುಟ್ಟಬೇಡಿ."

ಅವಳ ದನಿ ದೊಡ್ಡದೇನೂ ಅಲ್ಲ. ಆದರೂ ಇಡೀ ಸೆಟ್ಟು ನಿಂತಲ್ಲೇ ನಿಂತಿತು. ಲೈಟ್ ಹಿಡಿದವರು, ಟೀ ಲೋಟ ಹಿಡಿದವರು, ಹಲಗೆಯ ನ್ಯಾಯಪೀಠದಲ್ಲಿ ಕುಳಿತಿದ್ದ ವೇಷದ ನ್ಯಾಯಾಧೀಶರು... ಎಲ್ಲರೂ ಆರೋಪಿ ಪರ ವಕೀಲರ ಮೇಜಿನ ಕಡೆ ತಿರುಗಿದರು.

ಅಲ್ಲಿ ಎತ್ತರದ ಮನುಷ್ಯನೊಬ್ಬ ಕೆಂಪು ದಾರದ ಫೈಲಿನ ಮೇಲೆ ಕೈಯಿಟ್ಟು ನಿಂತಿದ್ದ.

"ಇದು ನನ್ನ ಫೈಲು," ಎಂದ.

"ಇಲ್ಲಿ ಎಲ್ಲರೂ ಹಾಗೇ ಅಂತಾರೆ. ನಿನ್ನೆ ಒಬ್ರು ಸಾಕ್ಷಿ ಕುರ್ಚಿನ ನಂದು ಅಂತ ಎತ್ಕೊಂಡು ಹೋಗಿ ಊಟಕ್ಕೆ ಕೂತಿದ್ರು."

"ನಿಜವಾಗ್ಲೂ ನಂದೇ. ನಿರ್ದೇಶಕರಿಗೆ ತೋರಿಸೋಕೆ ತಂದಿದ್ದೆ. ಯಾರೋ ತಂದು ಇಲ್ಲಿಟ್ಟಿದ್ದಾರೆ."

"ಇಟ್ಟಾಯ್ತಲ್ಲ? ಬೆಳಿಗ್ಗೆಯಿಂದ ಏಳು ಶಾಟ್‌ನಲ್ಲಿ ಬಂದಿದೆ. ಇನ್ನು ಯಾರದ್ದಾದ್ರೂ ಸರಿ, ಈ ದೃಶ್ಯ ಮುಗಿಯೋವರೆಗೂ ಇಲ್ಲೇ ಇರ್ಬೇಕು. ಮೂರು ದಿನ."

ಅವನು ಅವಳನ್ನು ಒಂದು ಕ್ಷಣ ನೋಡಿದ. ಜಗಳಕ್ಕೆ ಬರುತ್ತಾನೆ ಎಂದು ಅವಳು ಸೆರಗು ಬಿಗಿದು ಸಿದ್ಧಳಾಗಿದ್ದರೆ, ಅವನು ಸುಮ್ಮನೆ ಕೈ ತೆಗೆದ.

"ಇಟ್ಕೊಳ್ಳಿ. ಹೇಗೂ ಅದರಿಂದ ಯಾರಿಗೂ ಏನೂ ಆಗ್ಲಿಲ್ಲ."

ಗೆದ್ದದ್ದು ಅವಳೇ. ಆದರೆ ಗೆದ್ದ ಖುಷಿ ಮಾತ್ರ ಬರಲಿಲ್ಲ. ಆ ಮಾತು ಮುಳ್ಳಿನ ಹಾಗೆ ಎಲ್ಲೋ ಒಳಗೆ ಉಳಿದುಬಿಟ್ಟಿತು.

ಅವಳ ಕೆಲಸ ಕಂಟಿನ್ಯೂಟಿ. ಒಂದು ಶಾಟ್‌ಗೂ ಮುಂದಿನ ಶಾಟ್‌ಗೂ ಏನೂ ಬದಲಾಗದ ಹಾಗೆ ಕಾಯುವುದು. ಲೋಟದಲ್ಲಿ ನೀರು ಎಲ್ಲಿಯವರೆಗಿತ್ತು, ಪೆನ್ನು ಯಾವ ಜೇಬಿನಲ್ಲಿತ್ತು, ಫೈಲಿನ ಯಾವ ಪುಟ ತೆರೆದಿತ್ತು, ಎಲ್ಲವೂ ಅವಳ ನೀಲಿ ನೋಟ್‌ಬುಕ್ಕಿನಲ್ಲಿ. ಒಂಬತ್ತು ವರ್ಷ, ಹದಿನಾಲ್ಕು ಸಿನಿಮಾ, ಒಂದೂ ತಪ್ಪಿಲ್ಲ. ಸೆಟ್ಟಿನವರು ಬೆನ್ನ ಹಿಂದೆ 'ಹದ್ದು' ಅನ್ನುತ್ತಿದ್ದರು. ಅವಳಿಗೂ ಗೊತ್ತಿತ್ತು, ಒಳಗೊಳಗೇ ಹೆಮ್ಮೆಯೂ ಇತ್ತು.

ಅವಳ ಅಮ್ಮನಿಗೆ ಮಾತ್ರ ಇದೇ ತಲೆನೋವು. "ಯಾರನ್ನ ತೋರಿಸಿದ್ರೂ ಒಂದು ತಪ್ಪು ಹುಡುಕ್ತೀಯಲ್ಲೇ. ಸಿನಿಮಾದವರಿಗಾದ್ರೆ ಇನ್ನೊಂದು ಟೇಕ್ ಕೊಡ್ತೀಯ. ಮನುಷ್ಯರಿಗೆ ಯಾಕೆ ಕೊಡಲ್ಲ?"

ಇನ್ನು ಆ ಸಿನಿಮಾ. ನೀವೆಲ್ಲ ನೋಡಿದ್ದೀರಿ ಅಂದುಕೊಳ್ಳಿ. ನ್ಯಾಯದ ಮೇಲೆ ನಂಬಿಕೆ ಕಳೆದುಕೊಂಡ ಆರೋಪಿ ಪರ ವಕೀಲನೊಬ್ಬನ ಕಥೆ. ಅದರ ಬಗ್ಗೆ ಅಭಿಮಾನಿಗಳು 'ನಿಮಗೆ ಗೊತ್ತಿಲ್ಲದ ಹತ್ತು ಸ್ವಾರಸ್ಯಗಳು' ಎಂದು ಪಟ್ಟಿ ಮಾಡಿದ್ದಾರೆ. ನಾಲ್ಕನೆಯದು, ಸೋತ ವಕೀಲನ ಆ ನಡಿಗೆಯನ್ನು ನಾಯಕನಟ ತಿಂಗಳುಗಟ್ಟಲೆ ಕನ್ನಡಿಯ ಮುಂದೆ ಕಲಿತನಂತೆ. ಬುರುಡೆ. ಅವನು ಮೂರು ದಿನ ಆ ಎತ್ತರದ ಮನುಷ್ಯನ ಹಿಂದೆ ಹಿಂದೆ ನಡೆದ, ಅಷ್ಟೇ.

ಹೌದು, ಆ ಮನುಷ್ಯ ನಿಜವಾದ ವಕೀಲ. ಸೆಟ್ಟಿಗೆ ಕಾನೂನು ಸಲಹೆಗಾರ. ವರ್ಷದಿಂದ ಹೊಸ ಕೇಸು ಹಿಡಿದಿರಲಿಲ್ಲ. ಯಾಕೆ ಎಂದು ಯಾರೂ ಕೇಳಿರಲಿಲ್ಲ.

ಮೊದಲ ದಿನ ಅವಳು ನೋಟ್‌ಬುಕ್ಕಿನ ಅಂಚಿನಲ್ಲಿ ಬರೆದಳು: *ವಕೀಲ. ಬಲಗೈಗೆ ಗಡಿಯಾರ. ನಗಲಿಲ್ಲ.*

ಯಾಕೆ ಬರೆದೆ? ಅಭ್ಯಾಸಬಲ, ಎಂದು ತನಗೇ ಸಮಜಾಯಿಷಿ ಕೊಟ್ಟುಕೊಂಡಳು.

ಎರಡನೇ ದಿನ ಅವನೇ ಒಂದು ಲೋಟ ಟೀ ತಂದಿಟ್ಟ.

"ಅರ್ಧ ಚಮಚ ಸಕ್ಕರೆ. ನಿನ್ನೆ ನೀವು ಕುಡಿದ ಹಾಗೇ. ಬದಲಾದ್ರೆ ನೀವು ಬೈತೀರಂತಲ್ಲ?"

ಅವಳಿಗೆ ನಗು ತಡೆಯಲಾಗಲಿಲ್ಲ. ಅವಳು ನಕ್ಕದ್ದು ನೋಡಿ ಅವನೂ ನಕ್ಕ. ಅದೂ ನೋಟ್‌ಬುಕ್ಕಿಗೆ ಹೋಯಿತು: *ವಕೀಲ ನಕ್ಕ. ನಾಲ್ಕು ಗಂಟೆ ಹತ್ತು ನಿಮಿಷ.*

ಮೂರನೇ ದಿನ ಎಲ್ಲ ತಲೆಕೆಳಗಾಯಿತು.

ದೃಶ್ಯದಲ್ಲಿ ನಾಯಕನಟ ಆ ಫೈಲು ತೆರೆದು ಫೋಟೋಗಳನ್ನು ಒಂದೊಂದಾಗಿ ಮಗುಚಬೇಕು. ಸಂಜೆ ಪೆಟ್ಟಿಗೆಗೆ ಹಾಕಿ ಬೀಗ ಹಾಕುವವಳು, ಬೆಳಿಗ್ಗೆ ತೆಗೆದು ಅದೇ ಪುಟ ತೆರೆದಿಡುವವಳು ಅವಳೇ. ಒಂದು ಬಡ ಕೋಣೆಯ ಒಂಬತ್ತು ಫೋಟೋಗಳು. ಹೊಲಿಗೆ ಮಿಷನ್ನು, ಗೋಡೆಯ ಮೊಳೆಗೆ ನೇತಾಡುವ ಅಳತೆ ಟೇಪು, ಏಳನೆಯದರಲ್ಲಿ ಮೇಜಿನ ಕೆಳಗೆ ಒಂದು ಸೀಮೆಎಣ್ಣೆ ಕ್ಯಾನು. ಎಲ್ಲದರ ಕೆಳಗೂ ಒಂದೇ ದಿನ, ಒಂದೇ ಗಂಟೆ ನಮೂದಾಗಿತ್ತು.

ಅವಳ ಕಣ್ಣು ಕ್ಯಾನಿನ ಮೇಲೆ ನಿಲ್ಲಲಿಲ್ಲ. ಮಿಷನ್ನಿನ ಮೇಲೆ ನಿಂತಿತು. ಫೋಟೋಗಳನ್ನು ಸೆಟ್ಟಿನವರೇ ಸೇರಿಸಿದ್ದೆಂದುಕೊಂಡು ಸಾಮಾನು ನೋಡಿಕೊಳ್ಳುವವನನ್ನು ಕರೆದಳು.

"ಎರಡನೇ ಫೋಟೋದಲ್ಲಿ ಮಿಷನ್ನಿಗೆ ಬಿಳಿ ದಾರದ ರೀಲು ಇದೆ. ಏಳನೇದ್ರಲ್ಲಿ ಕಪ್ಪು ರೀಲು. ಒಂದೇ ಗಂಟೆಯಲ್ಲಿ ತೆಗೆದ ಫೋಟೋ ಅಂತೀರ, ದಾರ ಹೇಗೆ ಬದಲಾಯ್ತು? ಯಾರು ಮಾಡಿದ್ದು ಇದನ್ನ?"

"ಯಾವ ಮಿಷನ್ನು ಅಕ್ಕಾ? ನಮ್ಮ ಸಿನಿಮಾದಲ್ಲಿ ಹೊಲಿಗೆ ಮಿಷನ್ನೇ ಇಲ್ಲ. ಅದು ಆ ಲಾಯರ್ ಸಾಹೇಬ್ರ ಅಸಲಿ ಫೈಲು. ಯಾವನೋ ಟೈಲರ್ ಕೇಸಂತೆ. ಪಕ್ಕದ ಬಟ್ಟೆ ಗೋದಾಮಿಗೆ ಬೆಂಕಿ ಇಟ್ಟ ಅಂತ ಏಳು ವರ್ಷ ಹಾಕಿದಾರೆ. ಜೈಲಲ್ಲಿದಾನೆ."

ಅವಳು ಫೋಟೋ ಕೆಳಗಿಟ್ಟಳು.

ಜೈಲಿನಲ್ಲಿರುವ ಮನುಷ್ಯನ ಫೈಲು. ಮೂರು ದಿನದಿಂದ ಇಲ್ಲಿ ಅಲಂಕಾರಕ್ಕೆ ಬಿದ್ದಿದೆ. ಮತ್ತೆ ಆ ವಕೀಲ... ಅವನು ಟೀ ಕುಡಿದುಕೊಂಡು ನಗುತ್ತಿದ್ದಾನೆ.

ದಾರದ ಸಂಗತಿಯನ್ನು ಹೇಳಬೇಕೆಂದೇ ಅವಳು ಹೊರಟಳು. ಆದರೆ ಸಿಟ್ಟು ಅವಳಿಗಿಂತ ಮೊದಲು ಅವನ ಬಳಿ ತಲುಪಿತು.

"ಜೈಲಲ್ಲಿರೋರ ಕಷ್ಟನ ನಟನಿಗೆ ಆಟದ ಸಾಮಾನು ಮಾಡಿದ್ರಾ?"

ಅವನ ಮುಖ ಬಿಳುಚಿತು. "ನೀವು ಅದನ್ನ ಓದಿದ್ರಾ? ಕಕ್ಷಿದಾರನ ಫೈಲು ಅದು. ಯಾರು ಹಕ್ಕು ಕೊಟ್ರು ನಿಮಗೆ?"

"ಹಕ್ಕಿನ ಮಾತು ನೀವಾಡ್ಬೇಡಿ. ಯಾರಿಗೂ ಏನೂ ಆಗ್ಲಿಲ್ಲ ಅಂದ್ರಲ್ಲ ಅವತ್ತು, ಎಷ್ಟು ಸಲೀಸಾಗಿ ಅಂದ್ರಿ."

ದೃಶ್ಯ ಮುಗಿದಿತ್ತು. ಅವನು ಮೇಜಿನಿಂದ ಫೈಲು ಎತ್ತಿಕೊಂಡು, ನಾಯಕನಟ ಇನ್ನೂ ಪೂರ್ತಿ ಕಲಿಯದ ಆ ನಡಿಗೆಯಲ್ಲಿ ಹೊರಟುಹೋದ.

ಮರುದಿನ ಅವನು ಬರಲಿಲ್ಲ. ಅದರ ಮರುದಿನವೂ ಇಲ್ಲ. ಅವಳ ಟೀಯಲ್ಲಿ ಸಕ್ಕರೆ ಒಂದು ದಿನ ಜಾಸ್ತಿ, ಒಂದು ದಿನ ಕಮ್ಮಿ.

ಕೊನೆಗೆ ನಿರ್ದೇಶಕರೇ ಬಾಯಿಬಿಟ್ಟರು. "ಅವನಿಗೆ ಏನಮ್ಮ ಅಂದೆ ನೀನು? ಸೋತ ವಕೀಲ ಹೇಗಿರ್ತಾನೆ ಅಂತ ನಾನು ಕೇಳಿದ್ದಕ್ಕೆ ಆ ಫೈಲು ತಂದು ತೋರಿಸಿದ. ಒಂದು ವರ್ಷದಿಂದ ಕಂಕುಳಲ್ಲೇ ಇಟ್ಕೊಂಡು ಓಡಾಡ್ತಿದಾನೆ. ಟೈಲರ್ ತಪ್ಪು ಮಾಡಿಲ್ಲ ಅಂತ ಅವನಿಗೆ ಗೊತ್ತು, ರುಜುವಾತು ಮಾಡೋಕಾಗ್ಲಿಲ್ಲ. ಗುರುವಾರ ಮೇಲ್ಮನವಿ ಇದೆ. ಅದನ್ನೂ ಬಿಟ್ಟುಬಿಡ್ತೀನಿ ಅಂತಿದ್ದ."

ಅವಳು ನೋಟ್‌ಬುಕ್ ಎತ್ತಿಕೊಂಡು ಎದ್ದಳು. ಅವನ ಕಣ್ಣಿನ ಆ ಆಯಾಸ... ಎಲ್ಲರ ತಪ್ಪು ಹುಡುಕುವವಳಿಗೆ ಅದೊಂದು ಕಾಣಲಿಲ್ಲವಲ್ಲ. ಅಂದು ಮಂಗಳವಾರ.

ಅವನ ಕಚೇರಿ ಮೂರು ಮಹಡಿ ಮೇಲೆ. ಹೆಸರಿನ ಫಲಕವನ್ನು ಕಿತ್ತು ಗೋಡೆಗೆ ಮುಖ ಮಾಡಿ ಒರಗಿಸಿದ್ದ. ಮೇಜಿನ ಮೇಲೆ ಅರ್ಧ ಬರೆದ ಪತ್ರವಿತ್ತು, 'ಈ ಪ್ರಕರಣದಿಂದ ನಾನು ಹಿಂದೆ ಸರಿಯುತ್ತಿದ್ದೇನೆ' ಎಂದು.

"ಬೈಯೋದು ಬಾಕಿ ಇತ್ತಾ?" ಎಂದ, ತಲೆ ಎತ್ತದೆ.

"ಬೈದಿದ್ದು ತಪ್ಪಾಯ್ತು. ಅದಕ್ಕಿಂತ ದೊಡ್ಡ ತಪ್ಪು, ಹೇಳ್ಬೇಕಾದ್ದು ಹೇಳದೆ ಬೈದಿದ್ದು." ಅವಳು ನೋಟ್‌ಬುಕ್ ತೆರೆದು ಅವನ ಮುಂದಿಟ್ಟಳು. "ಎರಡನೇ ಫೋಟೋ, ಬಿಳಿ ದಾರ. ಏಳನೇ ಫೋಟೋ, ಕಪ್ಪು ದಾರ. ಪೊಲೀಸ್ ತಪಾಸಣೆ ನಡೀತಿರೋವಾಗ ಕೂತು ಬಟ್ಟೆ ಹೊಲಿದೋರು ಯಾರು?"

ಅವನು ಫೈಲು ಬಿಚ್ಚಿದ. ಎರಡು ಫೋಟೋಗಳನ್ನು ಪಕ್ಕಪಕ್ಕ ಇಟ್ಟ. ಬಹಳ ಹೊತ್ತು ನೋಡಿದ.

"ನೂರು ಸಲ ನೋಡಿದೀನಿ ಇದನ್ನ," ಎಂದ ಕೊನೆಗೆ. "ನೂರು ಸಲಾನೂ ಆ ಕ್ಯಾನನ್ನೇ ನೋಡಿದೆ. ಪೊಲೀಸರು ಏನು ತೋರಿಸಿದ್ರೋ ಅದನ್ನೇ."

"ಟೈಲರ್ ಹೆಂಡತಿನ ಕೇಳಿದ್ರಾ?"

ಅವನು ಕೇಳಿರಲಿಲ್ಲ. ಯಾರೂ ಕೇಳಿರಲಿಲ್ಲ.

ಇಬ್ಬರೂ ನಿಂತ ಕಾಲಲ್ಲೇ ಹೊರಟರು. ಟೈಲರ್ ಹೆಂಡತಿ ಅದೇ ಮಿಷನ್ನಿನ ಮುಂದೆ ಕುಳಿತಿದ್ದಳು. ಪ್ರಶ್ನೆ ಕೇಳಿ ಅವಳಿಗೇ ಆಶ್ಚರ್ಯ.

"ದಾರಾನಾ? ಅವರನ್ನ ಕರ್ಕೊಂಡು ಹೋದ ಬೆಳಿಗ್ಗೆ ಶಾಲೆ ಮಕ್ಕಳ ಅಂಗಿ ಹೊಲೀತಿದ್ರು, ಬಿಳೀದೇ ಇತ್ತು. ಮೂರು ದಿನ ಆದ್ಮೇಲೆ ನಾನು ಕಪ್ಪು ಹಾಕಿದೆ. ಬ್ಯಾಂಡಿನವರ ಕೋಟು ಅರ್ಧಕ್ಕೆ ನಿಂತಿತ್ತಲ್ಲ, ಕೊಟ್ಟ ಮಾತು ತಪ್ಪೋಕಾಗತ್ತಾ? ನಾಲ್ಕನೇ ದಿನ ಪೊಲೀಸ್ನೋರು ಮತ್ತೆ ಬಂದ್ರು. ನನ್ನ ಹೊರಗೆ ನಿಲ್ಸಿ ಫೋಟೋ ತೆಗೆದ್ರು. ಅದೆಲ್ಲ ಮಾಮೂಲು ಅಂದ್ಕೊಂಡೆ ಸಾರ್. ಯಾರೂ ಕೇಳ್ಲಿಲ್ಲ, ನಾನೂ ಹೇಳ್ಲಿಲ್ಲ."

ವಕೀಲ ಆ ಹೆಂಗಸಿನ ಮುಂದೆ ನೆಲದ ಮೇಲೆ ಕುಳಿತುಬಿಟ್ಟ. "ನಾನು ಕೇಳ್ಬೇಕಿತ್ತು ತಾಯಿ. ತಪ್ಪು ನಂದು," ಎಂದ. ಅವನ ಕಣ್ಣು ತುಂಬಿದ್ದನ್ನು ಅವಳು ನೋಡಿದಳು. ಈ ಸಲ ಬರೆದುಕೊಳ್ಳಲಿಲ್ಲ.

ದಾರಿಯಲ್ಲಿ ಅವನು ಕೇಳಿದ, "ಗುರುವಾರ ಬರ್ತೀರಾ? ನೀವು ಅಲ್ಲಿದ್ರೆ... ಏನೋ ಒಂದು ಧೈರ್ಯ."

ಗುರುವಾರ ಸಿನಿಮಾದ ಕೊನೆಯ ವಾದದ ಚಿತ್ರೀಕರಣ. ಇಡೀ ಸಿನಿಮಾ ನಿಂತಿದ್ದೇ ಆ ದೃಶ್ಯದ ಮೇಲೆ. ಒಂಬತ್ತು ವರ್ಷದಲ್ಲಿ ಒಂದು ದಿನವೂ ರಜೆ ಹಾಕದವಳು ನಿರ್ದೇಶಕರ ಮುಂದೆ ಹೋಗಿ ನಿಂತಳು.

"ಲೋಟ ನೀವೇ ನೋಡ್ಕೊಳ್ಳಿ ಸಾರ್. ನನಗೆ ಅಸಲಿ ಕೋರ್ಟಿಗೆ ಹೋಗ್ಬೇಕು."

ನಿರ್ದೇಶಕರು ತಲೆ ಮೇಲೆ ಕೈಹೊತ್ತರು. ಆದರೂ ಹೋಗಿ ಬಾ ಎಂದರು.

ಅಸಲಿ ನ್ಯಾಯಾಲಯ ಸೆಟ್ಟಿಗಿಂತ ಚಿಕ್ಕದು. ಫ್ಯಾನು ಕಿರಕಿರ ಅನ್ನುತ್ತಿತ್ತು. ಅವನು ಎದ್ದು ನಿಂತಾಗ ಹಳೆಯ ಕೋಟಿನ ಮೊಣಕೈ ಸವೆದು ಹೊಳೆಯುತ್ತಿತ್ತು. ಆದರೆ ಆ ನಡಿಗೆ... ಅದು ಬದಲಾಗಿತ್ತು.

ಅವನು ದೊಡ್ಡ ಭಾಷಣ ಮಾಡಲಿಲ್ಲ. ಟೈಲರ್ ಹೆಂಡತಿಯ ಪ್ರಮಾಣಪತ್ರ ಓದಿದ. ಎರಡು ಫೋಟೋ ಪೀಠದ ಮುಂದಿಟ್ಟ.

"ಸ್ವಾಮಿ, ಒಂಬತ್ತೂ ಫೋಟೋ ಬಂಧನದ ದಿನ ಒಂದೇ ಗಂಟೆಯಲ್ಲಿ ತೆಗೆದದ್ದು ಅಂತ ಸರ್ಕಾರಿ ಕಡೆಯವರು ಪ್ರಮಾಣ ಮಾಡಿ ಹೇಳಿದಾರೆ. ಹಾಗಾದ್ರೆ ಈ ದಾರ ಬದಲಾಯಿಸಿದ್ದು ಯಾರು?"

ಹಿರಿಯ ನ್ಯಾಯಾಧೀಶೆ ಕನ್ನಡಕ ಹಾಕಿಕೊಂಡು ನೋಡಿದರು. ತೆಗೆದು ಒರೆಸಿ, ಮತ್ತೆ ಹಾಕಿಕೊಂಡು ನೋಡಿದರು. ಸರ್ಕಾರಿ ವಕೀಲರ ಕಡೆ ತಿರುಗಿದರು.

"ನಾನೂ ಮನೇಲಿ ಮಿಷನ್ ತುಳಿದವಳೇ. ರೀಲು ತಾನಾಗೇ ಬದಲಾಗಲ್ಲ. ನೀವು ಏನು ಹೇಳ್ತೀರಿ?"

ಅವರು ತಮ್ಮ ಫೈಲನ್ನು ಎರಡು ಸಲ ಮಗುಚಿ, ಕುಳಿತುಬಿಟ್ಟರು. ನ್ಯಾಯಾಧೀಶೆ ಅಲ್ಲೇ ಆದೇಶ ಬರೆಸಿದರು. ಶಿಕ್ಷೆ ರದ್ದು, ಟೈಲರ್ ನಿರ್ದೋಷಿ, ಕ್ಯಾನು ಅಲ್ಲಿಗೆ ಹೇಗೆ ಬಂತೆಂದು ತನಿಖೆ ಆಗಬೇಕು.

ಟೈಲರ್ ಹೆಂಡತಿ ಪಕ್ಕದಲ್ಲೇ ಕುಳಿತಿದ್ದ ಅವಳ ಭುಜಕ್ಕೆ ಮುಖವಿಟ್ಟು ಗಳಗಳ ಅತ್ತಳು. ಅವಳೂ ಅತ್ತಳು. ತುಂಬಿದ ಕೋಣೆಯಲ್ಲಿ ವಕೀಲ ಹುಡುಕಿದ್ದು ಒಂದೇ ಮುಖವನ್ನು. ಸಿಕ್ಕಿತು.

ಹೊರಗೆ ಬಂದು ಫೋನ್ ಚಾಲೂ ಮಾಡಿದರೆ ನಿರ್ದೇಶಕರ ಹನ್ನೊಂದು ಕರೆ, ಒಂದು ಸಂದೇಶ: 'ಅಮ್ಮಾ ತಾಯೀ, ಲೋಟದಲ್ಲಿ ನೀರು ಎಷ್ಟಿತ್ತು?'

ಸಿನಿಮಾ ಗೆದ್ದಿತು. ನೂರು ದಿನ ಓಡಿತು. ಆ ನಡಿಗೆಗೆ ನಾಯಕನಟನಿಗೆ ಪ್ರಶಸ್ತಿಯೂ ಬಂತು.

ಒಂದು ಮಧ್ಯಾಹ್ನ ಟೈಲರ್ ಅಂಗಡಿಯಲ್ಲಿ ವಕೀಲನಿಗೆ ಹೊಸ ಕಪ್ಪು ಕೋಟಿನ ಅಳತೆ ನಡೆದಿತ್ತು. ಅಳತೆ ಹಿಡಿಯುತ್ತಿದ್ದವನು ಟೈಲರೇ. ಕೋಟು ತಾನೇ ಹೊಲಿದು ಕೊಡಬೇಕೆಂದು ಹಟ ಹಿಡಿದು ಅವನು ಯಾರ ಮಾತೂ ಕೇಳಿರಲಿಲ್ಲ. ಒಂದು ಕೈ ಚಾಚಿ ನಿಂತಿದ್ದ ವಕೀಲ ಇನ್ನೊಂದು ಕೈಯಲ್ಲಿದ್ದ ಫೋನಿನಲ್ಲಿ ಓದಿದ.

"ಏಳನೇ ಸ್ವಾರಸ್ಯ. ಕೊನೆಯ ವಾದದಲ್ಲಿ ವಕೀಲನ ಮೇಜಿನ ಲೋಟ ಒಂದು ಶಾಟ್‌ನಲ್ಲಿ ಅರ್ಧ ಇದೆ, ಮುಂದಿನ ಶಾಟ್‌ನಲ್ಲಿ ತುಂಬಿದೆ. ಕಂಟಿನ್ಯೂಟಿಯವರು ನಿದ್ದೆ ಮಾಡ್ತಿದ್ರು ಅಂತ ಕಾಣತ್ತೆ."

"ಓದ್ಬೇಡಿ," ಎಂದಳು ಅವಳು ಮುಖ ಮುಚ್ಚಿಕೊಂಡು. "ಹದಿನೈದು ಸಿನಿಮಾದಲ್ಲಿ ಒಂದೇ ಒಂದು ತಪ್ಪು."

"ಅದೂ ನನ್ನಿಂದ."

"ಹೂಂ, ನಿಮ್ಮಿಂದಲೇ."

"ಬೇಜಾರಾ?"

ಅವಳು ಕೈ ತೆಗೆದಳು. ಮಿಷನ್ನಿನ ಮುಂದೆ ಕೂತು ನಗುತ್ತಿದ್ದ ಟೈಲರ್ ಹೆಂಡತಿಯನ್ನು ನೋಡಿದಳು. ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡಿದ್ದ ಟೈಲರನ್ನು ನೋಡಿದಳು.

"ಇಲ್ಲ. ಇನ್ನೊಂದು ಟೇಕ್ ಕೊಟ್ರೂ ಹಾಗೇ ಬಿಡ್ತೀನಿ."

ವಕೀಲನ ದನಿ ತಗ್ಗಿತು. "ಅವತ್ತು ದಾರದ ವಿಷಯ ನೋಡೋಕೆ ನಿಮ್ಮ ನೋಟ್‌ಬುಕ್ ಕೊಟ್ರಲ್ಲ... ಅಂಚಿನಲ್ಲಿ ಬರೆದಿದ್ದನ್ನೂ ಓದ್ಬಿಟ್ಟೆ. ನಾನು ಎಷ್ಟು ಗಂಟೆಗೆ ನಕ್ಕೆ ಅಂತ ಇತ್ತು. ಒಂದು ವರ್ಷ ನಾನಿದೀನೋ ಇಲ್ವೋ ಅಂತ ನನಗೇ ಗೊತ್ತಿರ್ಲಿಲ್ಲ. ನೀವು ಗಂಟೆ ನಿಮಿಷ ಸಮೇತ ಬರೆದಿಟ್ಟಿದ್ರಿ."

ಅವಳ ಕಿವಿ ಕೆಂಪಾಯಿತು. ಟೈಲರ್ ದಂಪತಿಗೆ ಇದ್ದಕ್ಕಿದ್ದಂತೆ ಒಳಗೆ ಏನೋ ಕೆಲಸ ನೆನಪಾಯಿತು.

ಅವನು ಮೇಜಿನ ಮೇಲಿದ್ದ ಟೈಲರಿನ ಸೀಮೆಸುಣ್ಣ ತೆಗೆದುಕೊಂಡು ಬಗ್ಗಿದ. ಸೆಟ್ಟಿನಲ್ಲಿ ನಟರು ನಿಲ್ಲುವ ಜಾಗಕ್ಕೆ ಅವಳು ಗುರುತು ಹಾಕುವ ಹಾಗೆಯೇ, ಅವಳ ಪಾದದ ಪಕ್ಕದಲ್ಲಿ ನೆಲದ ಮೇಲೆ ಒಂದು ಗೆರೆ ಎಳೆದ. ಎದ್ದು ಆ ಗೆರೆಯ ಮೇಲೆ ನಿಂತ.

"ಇದು ನನ್ನ ಜಾಗ. ಇವತ್ತು, ನಾಳೆ, ಇನ್ನು ಮುಂದೆ. ಬರ್ಕೋತೀರಾ?"

ಅವಳು ನೋಟ್‌ಬುಕ್ಕಿಗೆ ಕೈ ಹಾಕಿದಳು. ಹಾಕಿದವಳು ಹಾಗೇ ಬಿಟ್ಟು, ಅವನ ಕೈ ಹಿಡಿದಳು.

"ಬರೆಯೋದೇನೂ ಬೇಡ. ಇದು ನೆನಪಿರತ್ತೆ."