ಒಂಬತ್ತರ ಜೋಡಿ

"ಎಲ್ಲಾ ಬೀಜಾ ಇಟ್ಟೆ!"

ಸ್ನೇಹಾ ಹುಣಸೆಬೀಜಗಳ ರಾಶಿಯನ್ನು ನಡುವಿಗೆ ನೂಕಿದಳು. ಕೈ ತಾನಾಗಿ ಕೊರಳಲ್ಲಿದ್ದ ಲಿಂಗದ ಬೆಳ್ಳಿ ಕರಡಿಗೆಯ ಮೇಲೆ ಹೋಯಿತು.

೨೦೦೭ರ ಬೇಸಿಗೆ. ಬ್ಯಾಡಗಿಯಲ್ಲಿ ದೊಡ್ಡಪ್ಪನ ಮೆಣಸಿನಕಾಯಿ ಅಂಗಡಿಯ ಅಟ್ಟ. ಅಣ್ಣ ವೀರೇಂದ್ರ ಟಿವಿ ನೋಡಿ ಕಲಿತು, ಹಣದ ಬದಲು ಹುಣಸೆಬೀಜ ಇಟ್ಟು ನಡೆಸಿದ್ದ ಪೋಕರ್ ಇಸ್ಪೀಟಾಟದ ಪಂದ್ಯದಲ್ಲಿ ಉಳಿದವರು ಇಬ್ಬರೇ... ಅವಳು, ಮತ್ತು ಅಂದೇ ಮೊದಲು ಕಂಡ ಹಾವೇರಿಯ ಶಂಭುಲಿಂಗ.

ಎಲೆ ನೋಡುವ ಮೊದಲೇ ಇಡಬೇಕಾದ ಬ್ಲೈಂಡಿಗೆ ಅವನ ಅರ್ಧ ಬೀಜ ಹೋಗಿತ್ತು. ಅವನು ಎಲೆ ನೋಡಿದ. ಅವಳನ್ನು ನೋಡಿದ. ಆ ಆಟ ಸೋತೆನೆಂದು ಎಲೆ ಬಿಟ್ಟುಬಿಟ್ಟ!

ವೀರೇಂದ್ರ ಆ ಎಲೆಗಳನ್ನು ಮಗುಚಿದ. "ಲೇ ಶಂಭ್ಯಾ, ಒಂಬತ್ತರ ಜೋಡಿ! ಬ್ಲೈಂಡಿನ್ಯಾಗ ಕುಂತು ಜೋಡಿ ಯಾರರ ಒಗೀತಾರೇನಲೇ?"

"ಹುಡುಗೀನ ನೋಡಿ ಒಗದಾನ ಬಿಡೋ!" ಆಗಲೇ ಸೋತಿದ್ದವನೊಬ್ಬ ಕೂಗಿದ. ಅಟ್ಟವೆಲ್ಲ ನಕ್ಕಿತು.

ಮುಂದಿನ ಸುತ್ತಿನಲ್ಲಿ ಅವನ ಉಳಿದ ಬೀಜಗಳೂ ಹೋದವು. ಸ್ನೇಹಾಳ ಮುಖ ಉರಿಯಿತು. 'ನನಗೆ ದಾನ ಕೊಟ್ಟನೇ?' ಗೆದ್ದ ಬಹುಮಾನದ ಸ್ಟೀಲ್ ಡಬ್ಬಿಯನ್ನು ಅಲ್ಲೇ ಬಿಟ್ಟು ತನ್ನೂರು ರಾಣೆಬೆನ್ನೂರಿನ ಬಸ್ಸು ಹತ್ತಿದಳು.

ಆದರೂ ಆ ಕಣ್ಣುಗಳು... ಎಷ್ಟು ಸಂಜೆ ನೆನಪಾದವೋ!

ಎರಡು ವರ್ಷದ ಮೇಲೆ ಕನ್ಯೆ ನೋಡಲು ಬಂದವನು ಅವನೇ! ಮಾತಾಡಲಿ ಎಂದು ಹಿರಿಯರು ಇಬ್ಬರನ್ನೂ ಹಿತ್ತಲಿಗೆ ಕಳಿಸಿದರು. ಇವತ್ತೇ ಉತ್ತರ ಹೇಳಬೇಕು.

"ಅವತ್ತ ನನಗ ದಾನಾ ಮಾಡಿದ್ರೇನ್ರಿ? ಹಂಗಿದ್ರ ಈ ಸಂಬಂಧ ನನಗ ಬ್ಯಾಡ."

"ದಾನಾ?" ಅವನು ಬೆರಗಾದ. "ನೀವು ಕರಡಿಗಿ ಮುಟ್ಟಿದ್ರಲ್ಲ! ಲಿಂಗಾ ಮುಟ್ಟಿ ಯಾರರ ಸುಳ್ಳ ಆಡ್ತಾರೇನ್ರಿ? ನಿಮ್ಮ ಕಡೆ ದೊಡ್ಡ ಜೋಡಿನ ಐತಿ ಅಂತ ನಂಬಿದೆ."

ಸ್ನೇಹಾಳ ಕಣ್ಣು ತುಂಬಿತು. ದಾನವಲ್ಲ... ನಂಬಿಕೆ! ಅದನ್ನೇ ಎರಡು ವರ್ಷ ದ್ವೇಷಿಸಿದಳಲ್ಲ!

"ನನ್ನ ಕಡೆ ಬರೇ ಏಳು, ಎರಡು ಇದ್ವು, ಜೋಡಿನ ಇರಲಿಲ್ಲ..." ಯಾರಿಗೂ ಹೇಳದ್ದನ್ನು ಹೇಳಿದಳು. "ಹೆದರಿಕಿ ಆದಾಗ ಮುಟ್ಟತೇನ್ರಿ. ಸಣ್ಣಾಕಿ ಇದ್ದಾಗಿಂದ."

ಅವನು ಮೆಲ್ಲಗೆ ನಕ್ಕ. "ನೀವು ಬಿಟ್ಟ ಹೋದ ಆ ಡಬ್ಬಿ ನಾನ ಇಟಗೊಂಡೇನ್ರಿ. ವಿಭೂತಿ ಇಡತೇನಿ ಅದರಾಗ."

ಒಳಗಿನಿಂದ ಅಜ್ಜಿ ಗುತ್ತೆವ್ವನ ದನಿ: "ಏನಂತೀಯವಾ ಸ್ನೇಹಾ?"

"ಹೂಂ ಅನ್ರಿ, ಅಜ್ಜಿ!"

ಕೂಗಿದವಳ ಕೈ ಮತ್ತೆ ಕರಡಿಗೆಯ ಮೇಲಿತ್ತು. ಅವನು ಅದನ್ನೇ ನೋಡಿದ.

"ಈಗ ಹೆದರಿಕಿನೋ... ಖರೇನೋ?"

"ಎರಡೂ ರೀ."