ಜೀವ ತೆಗೆದ ಕಲ್ಲು

ಮಂಗಳವಾರ ಮಧ್ಯಾಹ್ನ ಅಜ್ಜಂಪುರದ ಪೇಟೆ ಬೀದಿಯಲ್ಲಿ ಗುರುಮೂರ್ತಿಯ ಹೆಣ ಇಳಿಯಿತು.

ಮೂವತ್ತೆಂಟು ವರ್ಷದ ಗಟ್ಟಿ ಆಳು. ಆಗಾಗ ಉಬ್ಬಸ ಕಾಡುತ್ತಿತ್ತು ಅನ್ನುವುದು ಬಿಟ್ಟರೆ ಬೇರೆ ಕಾಯಿಲೆ ಇಲ್ಲ. ಬೋರ್ ಮೋಟಾರ್ ವೈಂಡಿಂಗ್ ಮಾಡುತ್ತಿದ್ದ. ಸೋಮವಾರ ಸಂಜೆ ಉಸಿರು ಕಟ್ಟುತ್ತಿದೆ ಎಂದು ಜಗುಲಿಯ ಮೇಲೆ ಕೂತವನು ಮತ್ತೆ ಏಳಲಿಲ್ಲ. ಊರಿನ ಆಸ್ಪತ್ರೆಯಿಂದ ಶಿವಮೊಗ್ಗಕ್ಕೆ ಸಾಗಿಸುವಾಗ, ತರೀಕೆರೆ ದಾಟುವ ಮೊದಲೇ ಪ್ರಾಣ ಹೋಗಿತ್ತು. ವಿಷವಿರಬಹುದು ಎಂದು ಶವಪರೀಕ್ಷೆಯ ಡಾಕ್ಟರು ಬರೆದಿದ್ದರು.

ತಾಯಿ ಗುರುಶಾಂತಮ್ಮ ಕಂಬ ಹಿಡಿದು ಎದ್ದು ನಿಂತಳು. ಮೂಲೆಯಲ್ಲಿ ಕುಕ್ಕರಿಸಿದ್ದ ಸೊಸೆ ತನುಜಾಳತ್ತ ಕೈ ಚಾಚಿದಳು.

"ಇವಳು ಸುಟ್ಟ ರೊಟ್ಟಿ ತಿಂದೇ ನನ್ ಮಗ ಹೋದ. ಬೀರಯ್ಯ, ಬರ್ಕೊ."

ದಫೇದಾರ್ ಬೀರಯ್ಯ ಬರೆದುಕೊಂಡ. ಅವನ ಕೆಲಸವೇ ಅದು. ಬರೆಯುವಾಗ ತನುಜಾಳ ಮುಖವನ್ನೂ ನೋಡಿದ. ಆ ಮುಖದಲ್ಲಿ ಭಯ ಇರಲಿಲ್ಲ. ಹೇಳಿದ್ದು ಇನ್ನೂ ಕಿವಿಗೆ ಇಳಿದಂತಿರಲಿಲ್ಲ.

* * *

ಗುರುವಾರ ಮಧ್ಯಾಹ್ನ ತನುಜಾಳನ್ನು ಠಾಣೆಗೆ ಕರೆತಂದು ಬಂಧನ ತೋರಿಸಿದರು.

ಸಬ್ ಇನ್ಸ್‌ಪೆಕ್ಟರ್ ಅನುಪಮಾ ಕೆಲಸಕ್ಕೆ ಸೇರಿ ಎರಡು ವರ್ಷ. ಚುರುಕು. ಬೀರಯ್ಯನಿಗೆ ನಿವೃತ್ತಿಗೆ ಎಂಟು ತಿಂಗಳು. ಕುರಿ ಕಾಯುವ ಮನೆಯವನು, ಎಸ್ಸೆಸ್ಸೆಲ್ಸಿಯನ್ನು ಮೂರನೇ ಸಲಕ್ಕೆ ದಾಟಿದವನು.

"ನೋಡಿ ಬೀರಯ್ಯನವರೇ. ಶ್ರಾವಣ ಸೋಮವಾರದ ಉಪವಾಸ. ಅತ್ತೆ ತಿಂದಿಲ್ಲ, ಸೊಸೆ ತಿಂದಿಲ್ಲ. ತಿಂದವನು ಒಬ್ಬನೇ. ಸತ್ತವನೂ ಅವನೇ."

"ಆ ಮನೇಲಿ ಪ್ರತಿ ಶ್ರಾವಣಾನೂ ಹಂಗೇ ಮೇಡಂ."

"ಇದೂ ಹಂಗೇನಾ?" ಅನುಪಮಾ ಒಂದು ಹಾಳೆ ತಳ್ಳಿದರು. "ಅವತ್ತು ಮಧ್ಯಾಹ್ನದ ಮೇಲೆ ತನುಜಾ ಫೋನಿಗೆ ಒಬ್ಬನಿಂದಲೇ ಮೂರು ಕರೆ. ಓಂಕಾರೇಶ್. ಕಡೂರಲ್ಲಿ ಸಾಕುವ ಮೀನಿನ ಅಂಗಡಿ. ಗಂಡನ ಗೆಳೆಯ. ಗಂಡನ ಗೆಳೆಯನಿಗೆ ಹೆಂಡತಿ ಫೋನಲ್ಲಿ ಏನು ಕೆಲಸ?"

ಪಕ್ಕದ ಮನೆಯ ದ್ಯಾಮಮ್ಮ ಬೆಂಚಿನ ತುದಿಯಲ್ಲಿ ಕೂತಿದ್ದಳು. ಹೇಳಿಕೆ ಕೊಡಲು ತಾನಾಗಿಯೇ ಬಂದವಳು.

"ಗೋಡೆ ಆಚೆಯಿಂದ ಕಿವಿಯಾರೆ ಕೇಳಿದೀನಿ ಕಣ್ರೀ. ಗಂಡಸಿನ ದನಿ, ಫೋನಿಂದ ಬರೋ ಅಂಥದ್ದು. 'ಇವತ್ತೇ ಜೀವ ತೆಗೆದ್ಬಿಡು, ಅಮ್ಮಂಗೆ ಗೊತ್ತಾಗ್ಬಾರ್ದು' ಅಂತು."

"ಅದಕ್ಕೆ ಈ ಕಡೆಯಿಂದ ಯಾರು ಏನಂದ್ರು?"

"ಅದ್ ಕೇಳ್ಲಿಲ್ಲ. ಒಲೆ ಮೇಲೆ ಹಾಲಿಟ್ಟಿದ್ದೆ. ಉಕ್ಬಿಡ್ತು."

"ನಿನ್ನ ಹಾಲು ಒಂದ್ ಗಳಿಗೆ ತಡೆದಿದ್ರೆ ಕೇಸೇ ಮುಗೀತಿತ್ತಲ್ಲವ್ವಾ" ಎಂದ ಬೀರಯ್ಯ.

ತನುಜಾ ಹೇಳಿದ್ದು ಇಷ್ಟೇ. ಶನಿವಾರ ಗಂಡನ ಫೋನು, ಅವನು ಮನೆಯಲ್ಲಿ ಇಟ್ಟಿದ್ದ ಮೀನಿನ ತೊಟ್ಟಿಗೆ ಬಿದ್ದು ಕೆಟ್ಟಿತ್ತು. ಸೋಮವಾರ ಅವನು ಅವಳ ಫೋನನ್ನೇ ಇಟ್ಟುಕೊಂಡಿದ್ದ. ಅತ್ತೆ ಗುಡಿಯಲ್ಲಿದ್ದಳು, ಅವಳು ಹಿಟ್ಟಿನ ಗಿರಣಿಗೆ ಹೋಗಿದ್ದಳು. ಕರೆಂಟು ಇಲ್ಲದೆ ಎರಡು ತಾಸು ಕಾದಳು. ಬಂದಾಗ ಗಂಡ ಜಗುಲಿಯ ಮೇಲೆ ಏದುಸಿರು ಬಿಡುತ್ತಿದ್ದ. ಬಾಯೆಲ್ಲ ತಾಮ್ರ ನೆಕ್ಕಿದ ಹಾಗಿದೆ ಎಂದ. ಅಷ್ಟೊತ್ತಿಗೆ ಓಂಕಾರೇಶ್ ಬಂದ. ಆಂಬುಲೆನ್ಸಿಗೆ ಒಬ್ಬರೇ ಹತ್ತಬೇಕು ಅಂದರು. ಓಂಕಾರೇಶ್ ಹತ್ತಿದ.

"ಕಥೆ ಚೆನ್ನಾಗಿದೆ" ಎಂದರು ಅನುಪಮಾ. "ನಾಳೆ ಮೂರು ಗಂಟೆಗೆ ತರೀಕೆರೆ ಕೋರ್ಟಿಗೆ ಹಾಜರುಪಡಿಸೋಣ. ವಿಷದ ರಿಪೋರ್ಟ್ ಬರೋಕೆ ತಿಂಗಳುಗಟ್ಟಲೆ ಆಗುತ್ತೆ."

"ಅಲ್ಲೀತನಕ ಇವಳು ಜೈಲಲ್ಲಿ."

"ಮತ್ತೆಲ್ಲಿ?"

* * *

ಶುಕ್ರವಾರ ಬೆಳಿಗ್ಗೆ ಏಳಕ್ಕೆ ಬೀರಯ್ಯ ಹೇಳಿಕೆಗೆ ರುಜು ಹಾಕಿಸಿಕೊಳ್ಳಲು ಗುರುಶಾಂತಮ್ಮನ ಮನೆಗೆ ಹೋದ. ಮುದುಕಿ ಬರಿ ನೆಲದ ಮೇಲೆ ಕೂತಿದ್ದಳು.

"ಮಗನ್ನ ಮಣ್ಣು ಮಾಡಿ ಬಂದು ಮೈಮೇಲೆ ನೀರು ಹಾಕ್ಕೊಂಡೆ ಬೀರಯ್ಯ. ಆ ನೀರೂ ಉಪ್ಪು ಕಣೋ. ಹಂಡೇಲಿರೋ ನೀರೂ ಅಳ್ತಾ ಐತೆ."

ಮಂಗಳವಾರ ಸಂಜೆಯೂ ಅವಳು ಇದನ್ನೇ ಅಂದಿದ್ದಳು. ಕೇರಿಯ ಹೆಂಗಸರು ಸೆರಗನ್ನು ಬಾಯಿಗೆ ಒತ್ತಿಕೊಂಡಿದ್ದರು. ಬೀರಯ್ಯನೂ ತಲೆ ತಗ್ಗಿಸಿದ್ದ. ದುಃಖದಲ್ಲಿ ಜನ ಏನೇನೋ ಅನ್ನುತ್ತಾರೆ. ಆದರೆ ಎರಡನೆಯ ಸಲ ಅದೇ ಮಾತು ಅದೇ ಹದದಲ್ಲಿ ಬಂದಾಗ ಅವನ ಕೈಯ ಪೆನ್ನು ನಿಂತಿತು.

"ಅಮ್ಮೋರೆ, ನಿಜಕ್ಕೂ ಬಾಯಿಗೆ ಉಪ್ಪು ಹತ್ತಿತಾ?"

"ಹತ್ತಿತು. ಕಣ್ಣೂ ಉರೀತು. ಅದಕ್ಕೇ ಮತ್ತೆ ಆ ಒಲೆ ಹಚ್ಚೇ ಇಲ್ಲ."

ಬೀರಯ್ಯ ಬಚ್ಚಲು ಮನೆಗೆ ಹೋದ. ಮಣ್ಣಿನ ಒಲೆಯ ಮೇಲೆ ತಾಮ್ರದ ಹಂಡೆ. ಕಂಠದ ಒಳಗೆ ಬಿಳಿ ಪಟ್ಟಿ. ಬೆರಳು ಸವರಿ ನಾಲಿಗೆಯ ತುದಿಗೆ ಮುಟ್ಟಿಸಿ ಉಗಿದ. ಉಪ್ಪೇ. ಬಾವಿಯ ನೀರು ಕಾಯಿಸಿದರೆ ಕೂರುವ ಸುಣ್ಣವಲ್ಲ, ಉಪ್ಪು.

ಬಗ್ಗಿ ನೋಡಿದ. ಗೋಡೆಯ ಬುಡದಲ್ಲಿ ಎರಡು ಹಲ್ಲಿ ಸತ್ತು ಒಣಗಿದ್ದವು. ಮೇಲೆ ಬಲೆಯಲ್ಲಿ ಜೇಡ ಕಾಲು ಮಡಚಿಕೊಂಡು ಸತ್ತಿತ್ತು. ಬೆಳಕಿಂಡಿಗೆ ಯಾರೋ ಗೋಣಿಚೀಲ ತುರುಕಿದ್ದರು.

"ಗೋಣಿ ಯಾರು ತುರುಕಿದ್ದು?"

"ನಾವಲ್ಲಪ್ಪ. ಹೊಗೆ ಹೋಗೋ ಕಂಡಿ ಯಾರಾದ್ರೂ ಮುಚ್ತಾರಾ?"

ಬೀರಯ್ಯ ಹೊರಗೆ ಬಂದು ಕಟ್ಟೆಯ ಮೇಲೆ ಕೂತ. ಐವತ್ತು ವರ್ಷದ ಹಿಂದಿನ ಮಾತೊಂದು ನೆನಪಾಯಿತು. ಕುರಿ ಮಂದೆ ಗುಡ್ಡದ ಸೀಮೆಗೆ ಹೋಗಿತ್ತು. ಚಳಿ. ಸೋದರಮಾವ ದೊಡ್ಡಬೀರಪ್ಪ ಗುಡಿಸಲೊಳಗೆ ಕೈಗೆ ಸಿಕ್ಕಿದ ಕಣಗಿಲೆ ಕಡ್ಡಿಯನ್ನೇ ಒಟ್ಟಿ ಬೆಂಕಿ ಹಾಕಿ ಬಾಗಿಲು ಎಳೆದುಕೊಂಡ. ಬೆಳಗಾಗುವುದರೊಳಗೆ ಮೂರು ಮರಿ ಸತ್ತವು. ಮಾವ ಎರಡು ದಿನ ತೇಲುಗಣ್ಣು. ವಿಷ ಬಾಯಲ್ಲೇ ಹೋಗಬೇಕು ಅಂತೇನಿಲ್ಲ, ಉಸಿರಲ್ಲೂ ಹೋಗುತ್ತೆ ಎಂದು ಮಾವ ಆಮೇಲೆ ಸಾಯುವ ತನಕ ಹೇಳುತ್ತಿದ್ದ.

"ಅಮ್ಮೋರೆ, ಮೀನಿನ ತೊಟ್ಟಿ ಎಲ್ಲಿ?"

"ಓಂಕಾರೇಶ ಬುಧವಾರ ಒಯ್ದ. ಮೀನು ಸಾಯ್ತವೆ ಅಂದ. ಮಂಗಳವಾರನೂ ನಾವೆಲ್ಲ ರುದ್ರಭೂಮೀಲಿ ಇರೋವಾಗ್ಲೇ ಬಂದು ಮೀನು ನೋಡ್ಕೊಂಡ್ನಂತೆ. ಒಳ್ಳೇ ಮನ್ಸ."

"ಮೀನು ಬಂದು ಎಷ್ಟು ದಿನ ಆಗಿತ್ತು?"

"ತೊಟ್ಟಿಗೆ ಉಪ್ಪು ನೀರು ತುಂಬಿದ ಮೂರನೇ ವಾರಕ್ಕೇ ಬಂದ್ವು. ಕಿತ್ತಳೆ ಬಣ್ಣ, ಬಿಳೀ ಪಟ್ಟೆ. 'ತೊಟ್ಟಿ ಒಳಗಿನ ಕಲ್ಲಿಗೆ ಜೀವ ಐತೆ ಕಣವ್ವಾ, ಅದಕ್ಕೇ ಬದುಕವೆ' ಅಂತಿದ್ದ ನನ್ ಮಗ. ಕಲ್ಲಿಗೆ ಎಲ್ಲಿಂದ ಬಂತೋ ಜೀವ, ಎಣ್ಣೆ ಹಚ್ಚಿ ತಲೆ ತಣ್ಣಗೆ ಮಾಡ್ಕೋ ಅಂತ ಬೈದೆ."

ಬೀರಯ್ಯ ರುಜು ಹಾಕಿಸಿಕೊಳ್ಳಲಿಲ್ಲ. ಕಾಗದ ಮಡಚಿ ಜೇಬಿಗಿಟ್ಟ.

* * *

ಕಡೂರಿನ ಅಂಗಡಿ ತೆರೆದು ಅರ್ಧ ತಾಸು ಆಗಿತ್ತು. ಗಾಜಿನ ತೊಟ್ಟಿಗಳಲ್ಲಿ ಗುಳುಗುಳು ಸದ್ದು. ಓಂಕಾರೇಶನ ಕಣ್ಣು ಕೆಂಪಗಿತ್ತು.

"ಹೇಳೋದೆಲ್ಲ ನಿಮ್ಮ ಮೇಡಂಗೆ ಹೇಳಿದೀನಲ್ಲ ಸಾರ್. ಫೋನ್ ಮಾಡಿದ್ದು ಗುರುಮೂರ್ತಿ ಜೊತೆ ಮಾತಾಡೋಕೆ. ಮೀನಿನ ಊಟದ ವಿಷಯ."

"ನಾನು ಅದಕ್ಕೆ ಬಂದಿಲ್ಲಪ್ಪ. ಈ ಕಲ್ಲಿನ ವಿಚಾರ ತಲೆಗೆ ಹತ್ತಲಿಲ್ಲ. ಉಪ್ಪು ನೀರಿನ ತೊಟ್ಟಿಗೆ ಯಾವ ಕಲ್ಲು ಹಾಕ್ತಾರೆ?"

ಓಂಕಾರೇಶ್ ಹಗುರಾದ. ಇದು ಅವನಿಗೆ ಪ್ರೀತಿಯ ವಿಷಯ.

"ಎರಡು ಥರ ಸಾರ್. ಸಮುದ್ರದಿಂದ ಹಸಿಯಾಗೇ ತಂದದ್ದು ಲೈವ್ ರಾಕ್. ಜೀವದ ಕಲ್ಲು ಅಂತೀವಿ. ಅದರ ತೂತಲ್ಲಿ ಕಣ್ಣಿಗೆ ಕಾಣದ ಜೀವಿ ಇರ್ತವೆ. ಮೀನಿನ ಹೊಲಸು ತಿಂದು ನೀರನ್ನ ಹದಕ್ಕೆ ತರ್ತವೆ. ಜೊತೆಗೆ ಬೇಡದ ಹುಳಾನೂ ಬರುತ್ತೆ. ಇನ್ನೊಂದು ಒಣ ಕಲ್ಲು. ಶುದ್ಧ. ಹುಳ ಇಲ್ಲ, ಜೀವಾನೂ ಇಲ್ಲ. ನೀರು ಹದಕ್ಕೆ ಬರೋಕೆ ಎರಡು ಮೂರು ತಿಂಗಳು ಕಾಯ್ಬೇಕು."

"ಅಂದ್ರೆ ಜೀವದ ಕಲ್ಲು ಹೆಪ್ಪು ಹಾಕಿದ ಹಾಲು. ಒಣದು ಹೆಪ್ಪಿಲ್ಲದ್ದು."

"ಸರಿಯಾಗಿ ಹೇಳಿದ್ರಿ."

"ನೀವು ಯಾವುದು ಮಾರ್ತೀರಿ?"

"ಒಣದೇ. ಸಮುದ್ರದಿಂದ ಜೀವದ ಕಲ್ಲು ಕೀಳೋದು ಅಪರಾಧ ಸಾರ್."

"ಗುರುಮೂರ್ತಿಗೆ?"

"ಒಣದೇ ಕೊಟ್ಟಿದ್ದು."

"ಒಣದಕ್ಕೆ ಮೀನು ಬಿಡೋಕೆ ಎಷ್ಟು ತಿಂಗಳು ಅಂದ್ರಿ?"

ಓಂಕಾರೇಶ್ ಒಂದು ತೊಟ್ಟಿಯ ಗಾಜು ಒರೆಸತೊಡಗಿದ.

"ಅವರ ಮನೇಲಿ ಮೂರನೇ ವಾರಕ್ಕೇ ಮೀನು ಓಡಾಡ್ತಿದ್ವಂತೆ. ಹೆಪ್ಪಿಲ್ಲದ ಹಾಲು ಮೊಸರಾಗೋದು ನಾನು ಕಂಡಿಲ್ಲ." ಬೀರಯ್ಯನ ದನಿ ಏರಲಿಲ್ಲ. "ಸ್ನಾನದ ಹಂಡೇಲಿ ಸಮುದ್ರದ ಉಪ್ಪು ಐತೆ. ಬಚ್ಚಲಲ್ಲಿ ಹಲ್ಲಿ ಸತ್ತವೆ. ಕಂಡಿಗೆ ಗೋಣಿ ತುರುಕೈತೆ. 'ಇವತ್ತೇ ಜೀವ ತೆಗೆದ್ಬಿಡು' ಅಂದಿದ್ದು ನೀನೇ. ತನುಜಂಗಲ್ಲ, ಗುರುಮೂರ್ತಿಗೆ. ಅವನ ಜೀವ ಅಲ್ಲ, ಕಲ್ಲಿನ ಜೀವ. ಹೌದೋ ಅಲ್ವೋ?"

ಓಂಕಾರೇಶ್ ಸ್ಟೂಲು ಎಳೆದುಕೊಂಡು ಕೂತ.

"ನನಗೆ ಕಲ್ಲು ತಂದುಕೊಡ್ತಿದ್ದವನು ಸೋಮವಾರ ಬೆಳಿಗ್ಗೆ ಅರಣ್ಯದವರ ಕೈಗೆ ಸಿಕ್ಕಿಬಿದ್ದ. ನನ್ನ ಹೆಸರು ಹೇಳಿರ್ತಾನೆ ಅಂತ ಭಯ ಆಯ್ತು. ಗುರುಮೂರ್ತಿಗೆ ಫೋನ್ ಮಾಡಿ, ಕಲ್ಲು ಕುದಿಸಿ ಒಣಗಿಸಿಬಿಡು, ಒಣ ಕಲ್ಲು ಅಂತ ತೋರಿಸೋಣ ಅಂದೆ. ಅವನು ಮನಸಿಲ್ಲದೆ ಒಪ್ಪಿದ. ಶ್ರಾವಣ ಸೋಮವಾರ, ಮನೆ ಬಚ್ಚಲಲ್ಲಿ ಜೀವ ಇರೋವನ್ನ ಬೇಯಿಸೋದು ನಮ್ಮವ್ವಂಗೆ ತಿಳಿದ್ರೆ ಅನ್ನ ನೀರು ಬಿಡ್ತಾಳೆ ಅಂದ. ಗೊತ್ತಾಗದ ಹಂಗೆ ಮಾಡು ಅಂದೆ."

"ಅದಕ್ಕೇ ಬಾಗಿಲು ಹಾಕಿ, ವಾಸನೆ ಹೊರಗೆ ಬರದಂಗೆ ಕಂಡೀನೂ ಮುಚ್ಚಿದ. ಆ ಹಬೆ ವಿಷ ಅಂತ ನಿನಗೆ ಗೊತ್ತಿತ್ತಾ?"

"ಎಲ್ಲೋ ಓದಿದ್ದೆ. ಕುದಿಸಬಾರದು ಅಂತ. ಆ ಗಾಬರೀಲಿ ನೆನಪಾಗಲಿಲ್ಲ ಸಾರ್, ದೇವರಾಣೆ."

"ಯಾವಾಗ ನೆನಪಾಯ್ತು?"

ಗಾಜಿನೊಳಗೆ ಮೀನೊಂದು ತಿರುಗಿ ಬಂತು. ಓಂಕಾರೇಶ್ ಅದನ್ನೇ ನೋಡುತ್ತಿದ್ದ.

"ಬಾಯಿ ತಾಮ್ರ ತಾಮ್ರ ಅಂದ್ನಲ್ಲ, ಆಗ."

"ಆಸ್ಪತ್ರೇಲಿ ಡಾಕ್ಟರು ಏನಾಯ್ತು ಅಂತ ಕೇಳಿದ್ರಾ?"

"ಕೇಳಿದ್ರು."

"ಏನಂದೆ?"

"ಮಧ್ಯಾಹ್ನ ರೊಟ್ಟಿ ತಿಂದಿದ್ದ ಅಂದೆ."

ಬೀರಯ್ಯ ಜೇಬಿನಿಂದ ಕಾಗದ ತೆಗೆದು ಅದನ್ನು ಬರೆದುಕೊಂಡ. ಆಮೇಲೆ ಕೇಳಿದ:

"ಅವನು ಆಂಬುಲೆನ್ಸಲ್ಲಿ ನಿನ್ನ ಕೈ ಹಿಡ್ಕೊಂಡಿದ್ನಾ?"

"ಹೂಂ. ಬಿಡ್ಲೇ ಇಲ್ಲ." ಅಷ್ಟು ಹೇಳಿ ಓಂಕಾರೇಶ್ ಅಳತೊಡಗಿದ. "ಕಲ್ಲಿನ ವಿಷಯ ಅವ್ವಂಗೆ ಹೇಳ್ಬೇಡ ಕಣೋ ಅಂದ. ಅದೇ ಅವನ ಕೊನೇ ಮಾತು."

ಅಂಗಡಿಯ ಹಿಂದಿನ ಕೋಣೆಯಲ್ಲಿ ಬಕೆಟ್ಟಿನ ತುಂಬ ಬೆಂದ ಕಲ್ಲುಗಳಿದ್ದವು. ಮಂಗಳವಾರ, ಎಲ್ಲರೂ ರುದ್ರಭೂಮಿಯಲ್ಲಿದ್ದಾಗ, ಹಂಡೆ ಬರಿದು ಮಾಡಿ ತಂದವು. ಗಡಿಬಿಡಿಯಲ್ಲಿ ಹಂಡೆ ತೊಳೆದದ್ದು ಸಾಲದೆ ಉಪ್ಪು ಉಳಿದುಹೋಗಿತ್ತು.

* * *

ಬೀರಯ್ಯ ಓಂಕಾರೇಶನನ್ನೂ ಬಕೆಟ್ಟನ್ನೂ ಠಾಣೆಗೆ ತಂದಾಗ ಒಂದೂವರೆ. ಅನುಪಮಾ ಎಲ್ಲ ಕೇಳಿ, ಮೀನುಗಾರಿಕೆ ಕಲಿಸುವ ಮೇಷ್ಟ್ರೊಬ್ಬರಿಗೆ ಫೋನು ಮಾಡಿದರು. ಇಂಥ ಕಲ್ಲಿನ ಮೇಲೆ ಅಂಗಿಯ ಗುಂಡಿಯ ಹಾಗೆ ಅಂಟಿಕೊಂಡ ಪ್ರಾಣಿಗಳಿರುತ್ತವೆ ಎಂದರು ಅವರು. ಕೆಲವುಗಳಲ್ಲಿ ಘೋರ ವಿಷ. ಕುದಿಸಿದರೆ ಹಬೆಯ ಜೊತೆ ಏಳುತ್ತದೆ. ಮುಚ್ಚಿದ ಕೋಣೆ, ಅದರ ಮೇಲೆ ಉಬ್ಬಸದವನು.

ಫೋನು ಇಟ್ಟು ಅನುಪಮಾ ತನುಜಾಳ ಮುಂದೆ ಬಂದು ನಿಂತರು. "ತಪ್ಪು ನನ್ನದು" ಎಂದರು. ಆ ಮಾತು ಹೇಳುವ ಪೊಲೀಸರನ್ನು ಬೀರಯ್ಯ ಮೂವತ್ತೈದು ವರ್ಷದಲ್ಲಿ ಹೆಚ್ಚು ಕಂಡಿರಲಿಲ್ಲ. ಕೋರ್ಟಿಗೆ ಬಿಡುಗಡೆಯ ವರದಿ ಹೋಯಿತು. ಓಂಕಾರೇಶನ ಮೇಲೆ ನಿರ್ಲಕ್ಷ್ಯದ ಸಾವು, ಸಾಕ್ಷ್ಯನಾಶ, ಕಲ್ಲಿನದು ಬೇರೆ ಕೇಸು.

"ಬೀರಯ್ಯಣ್ಣ," ಎಂದಳು ತನುಜಾ, "ಅವನು ಡಾಕ್ಟರಿಗೆ ಹೇಳಿದ್ದಿದ್ರೆ ಇವರು ಉಳೀತಿದ್ರಾ?"

ಬೀರಯ್ಯ ಸುಳ್ಳು ಹುಡುಕಿದ. ಸಿಗಲಿಲ್ಲ.

"ಗೊತ್ತಿಲ್ಲ ಕಣವ್ವಾ. ಆ ವಿಷಕ್ಕೆ ಮದ್ದೇ ಇಲ್ವಂತೆ. ಹೇಳಿದ್ದಿದ್ರೆ ಒಂದು ದಾರಿ ನೋಡ್ತಿದ್ರೇನೋ."

ಸಂಜೆ ಕೋರ್ಟಿನ ಕೆಲಸ ಮುಗಿಸಿ ಅಜ್ಜಂಪುರಕ್ಕೆ ಬಂದಾಗ ಠಾಣೆಯ ಮೆಟ್ಟಿಲ ಮೇಲೆ ಗುರುಶಾಂತಮ್ಮ ಕೂತಿದ್ದಳು. ಸುದ್ದಿ ಮುಟ್ಟಿತ್ತು. ಸೊಸೆ ಜೀಪಿನಿಂದ ಇಳಿದದ್ದೇ ಎದ್ದಳು.

"ಮನೆಗೆ ನಡಿ ತಾಯಿ."

"ಅತ್ತೆ, ನೀವು ಅಂದಿದ್ದಕ್ಕೆ ನನಗೆ ಸಿಟ್ಟಿಲ್ಲ. ಮಗನ್ನ ಕಳ್ಕೊಂಡ ಬಾಯಿ, ಅಂತು." ತನುಜಾಳ ದನಿ ನೇರವಾಗಿತ್ತು. "ಆದ್ರೆ ಮಂಗಳವಾರ ಎಲ್ಲರೂ ಅವರ ಮೇಲೆ ಮಣ್ಣು ಹಾಕಿದ್ರು. ಕೈಯಲ್ಲಿ ಹಿಡಿದಿದ್ದ ಮಣ್ಣನ್ನ ನನ್ನ ಹತ್ರ ಕೆಳಗೆ ಹಾಕಿಸಿದ್ರಿ. ಅಷ್ಟು ಜನದ ಮುಂದೆ."

ತನುಜಾ ಬೀರಯ್ಯನತ್ತ ತಿರುಗಿದಳು.

"ಅಣ್ಣ, ಅಲ್ಲಿಗೆ ಬಿಡ್ತೀರಾ?"

ಬೀರಯ್ಯ ಜೀಪು ತಿರುಗಿಸಿದ. ಮುದುಕಿಯೂ ಹಿಂದೆ ಹತ್ತಿ ಕೂತಳು. ಯಾರೂ ಬೇಡ ಅನ್ನಲಿಲ್ಲ, ಬಾ ಅಂತಲೂ ಅನ್ನಲಿಲ್ಲ.

ರುದ್ರಭೂಮಿಯಲ್ಲಿ ಹೊಸ ಗುಡ್ಡೆ ಮೂರು ದಿನದ ಬಿಸಿಲಿಗೆ ಬಿರುಕು ಬಿಟ್ಟಿತ್ತು. ತನುಜಾ ಮಂಡಿಯೂರಿದಳು. ಒಂದು ಹಿಡಿ ಮಣ್ಣು ತೆಗೆದುಕೊಂಡು ಬಿರುಕಿನೊಳಗೆ ನಿಧಾನಕ್ಕೆ ಸುರಿದಳು. ಮತ್ತೊಂದು ಹಿಡಿ. ಅತ್ತೆ ಜೀಪಿನ ಪಕ್ಕ ನಿಂತಿದ್ದಳು. ಸೊಸೆ ಕರೆದರೆ ಹೋಗೋಣ ಎಂದು ಸೆರಗು ಸರಿಮಾಡಿಕೊಂಡು ಕಾಯುತ್ತಿದ್ದಳು.

ಬೀರಯ್ಯ ಬೇರೆ ಕಡೆ ಮುಖ ಮಾಡಿ ನಿಂತ. ಹೊತ್ತು ಇಳಿಯಿತು. ತನುಜಾ ಕರೆಯಲಿಲ್ಲ.